ಜ್ವರದ ಮಾತ್ರೆ: ಆಶಾ, ಸಿಸ್ಟರ್, ಮೆಡಿಕಲ್ ಶಾಪ್‌ಗೆ ಒಂದೇ ಪಾಠ ಬೇಕು

ಮಳೆಗಾಲ ಹಿಡೀತು ಅಂದ್ರೆ ಸಾಗರ, ಹೊಸನಗರ, ತೀರ್ಥಹಳ್ಳಿ, ಸೊರಬ ಕಡೆ ಜ್ವರದ ಕಾಲವೂ ಶುರುವಾಯ್ತು ಅಂತಲೇ ಲೆಕ್ಕ. ಜ್ವರ ಬಂದವರಲ್ಲಿ ಎಷ್ಟೋ ಜನ ಮೊದಲು ಹೋಗೋದು ಆಸ್ಪತ್ರೆಗಲ್ಲ, ಪೇಟೆಯ ಮೆಡಿಕಲ್ ಶಾಪ್‌ಗೆ. 'ನಾಳೆ ನಾಟಿ ಇದೆ, ಮಲಗೋಕಾಗಲ್ಲ. ಸ್ವಲ್ಪ ಪವರ್ ಇರೋ ಮಾತ್ರೆ ಕೊಡಿ' ಅನ್ನೋ ಮಾತು ಕೌಂಟರ್‌ಗೆ ಹೊಸದೇನಲ್ಲ. ಹತ್ತು ಮಾತ್ರೆಯ ಸ್ಟ್ರಿಪ್‌ನಲ್ಲಿ ಮೂರೋ ನಾಲ್ಕೋ ಕತ್ತರಿಸಿ ಕೊಡೋದೂ ಹೊಸದಲ್ಲ. ಆ 'ಪವರ್ ಮಾತ್ರೆ' ಬಹಳ ಸಲ ಆ್ಯಂಟಿಬಯೋಟಿಕ್ ಆಗಿರುತ್ತೆ.

ಈ ಅಭ್ಯಾಸಕ್ಕೂ ದೊಡ್ಡಾಸ್ಪತ್ರೆಗಳ ಐಸಿಯುನಲ್ಲಿ 'ಯಾವ ಔಷಧಿಯೂ ಹಿಡೀತಿಲ್ಲ' ಅಂತ ವೈದ್ಯರು ಕೈಚೆಲ್ಲೋ ಪರಿಸ್ಥಿತಿಗೂ ನೇರ ನಂಟಿದೆ. ಔಷಧಿಗೆ ಬಗ್ಗದ ರೋಗಾಣುಗಳ ಈ ಸಮಸ್ಯೆಗೆ ವೈದ್ಯಕೀಯ ಭಾಷೆಯಲ್ಲಿ ಆ್ಯಂಟಿಮೈಕ್ರೋಬಿಯಲ್ ರೆಸಿಸ್ಟೆನ್ಸ್, ಚಿಕ್ಕದಾಗಿ ಎಎಂಆರ್ ಅಂತಾರೆ. ಇದನ್ನು ತಡೆಯುವ ರಾಷ್ಟ್ರೀಯ ಕ್ರಿಯಾ ಯೋಜನೆಯ ಎರಡನೇ ಹಂತಕ್ಕೆ (2025–29) ಕೇಂದ್ರ ಆರೋಗ್ಯ ಇಲಾಖೆ 2025ರ ನವೆಂಬರ್ 18ರಂದು ಚಾಲನೆ ಕೊಟ್ಟಿದೆ. ಜಾಗೃತಿ ಮತ್ತು ತರಬೇತಿಗೆ ಅದರಲ್ಲಿ ಒತ್ತು ಇದೆ. ಆದರೆ ದೆಹಲಿಯ ಯೋಜನೆ ಹಳ್ಳಿಯ ಮನೆ ಬಾಗಿಲಿಗೆ ಬರಬೇಕಾದ್ರೆ ಅದನ್ನು ಹೊತ್ತು ತರೋರು ಆಶಾ ಕಾರ್ಯಕರ್ತೆ, ಉಪಕೇಂದ್ರದ ಸಿಸ್ಟರ್, ಸಮುದಾಯ ಆರೋಗ್ಯ ಅಧಿಕಾರಿ. ಇವರಿಗೆ ಏನು ಕಲಿಸಬೇಕು, ಹೇಗೆ ಕಲಿಸಬೇಕು ಅನ್ನೋದೇ ಈಗಿನ ಪ್ರಶ್ನೆ.

ಒಗ್ಗೋದು ದೇಹವಲ್ಲ, ರೋಗಾಣು

'ಆ ಮಾತ್ರೆ ನನ್ನ ಮೈಗೆ ಒಗ್ಗಿಬಿಟ್ಟಿದೆ, ಈಗ ಹಿಡಿಯಲ್ಲ' ಅನ್ನೋ ಮಾತು ಎಲ್ಲ ಕಡೆ ಕೇಳುತ್ತೆ. ತಪ್ಪು ತಿಳಿವಳಿಕೆ ಶುರುವಾಗೋದು ಇಲ್ಲಿಂದಲೇ. ಔಷಧಿಗೆ ಒಗ್ಗಿಕೊಳ್ಳೋದು ಮನುಷ್ಯನ ದೇಹ ಅಲ್ಲ, ಬ್ಯಾಕ್ಟೀರಿಯಾ. ಬೇಡದ ಕಡೆ ಆ್ಯಂಟಿಬಯೋಟಿಕ್ ನುಂಗಿದಾಗ, ಅರೆಬರೆ ಡೋಸ್ ತಗೊಂಡಾಗ, ಬಲಹೀನ ಬ್ಯಾಕ್ಟೀರಿಯಾಗಳು ಸಾಯ್ತವೆ, ಗಟ್ಟಿ ಇರೋವು ಉಳ್ಕೊಂಡು ಬೆಳೀತವೆ. ಕಳೆನಾಶಕ ಹೊಡೆದ ತೋಟದಲ್ಲಿ ಸಾಯದೆ ಉಳಿದ ಕಳೆಯೇ ಮುಂದಿನ ವರ್ಷ ಇಡೀ ತೋಟ ತುಂಬಿಕೊಳ್ಳೋ ಹಾಗೆ.

ಈ ವ್ಯತ್ಯಾಸ ಯಾಕೆ ಮುಖ್ಯ? ದೇಹ ಒಗ್ಗೋದಾಗಿದ್ರೆ ನಷ್ಟ ಮಾತ್ರೆ ನುಂಗಿದವನಿಗೆ ಮಾತ್ರ. ಒಗ್ಗೋದು ರೋಗಾಣು ಆದ್ದರಿಂದ ಅದು ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತೆ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಪ್ರಶಸ್ತಿ ಪಡೆದಾಗ ಮಾಡಿದ ಭಾಷಣದಲ್ಲೇ ಈ ಎಚ್ಚರಿಕೆ ಇತ್ತು. ಗಂಟಲು ನೋವಿಗೆ ತಾನೇ ಪೆನಿಸಿಲಿನ್ ತಗೊಂಡು, ಸಾಕಾಗುವಷ್ಟು ತಗೊಳ್ಳದೆ ಬಿಟ್ಟ ಗಂಡ ಹುಷಾರಾಗ್ತಾನೆ. ಅವನಿಂದ ಸೋಂಕು ತಗುಲಿದ ಹೆಂಡತಿಗೆ ಪೆನಿಸಿಲಿನ್ ಕೆಲಸ ಮಾಡದೆ ಆಕೆ ಸಾಯ್ತಾಳೆ. ಹೀಗೊಂದು ಕಲ್ಪಿತ ಉದಾಹರಣೆಯನ್ನು ಅವರು ಕೊಟ್ಟಿದ್ದರು. ಎಂಟು ದಶಕದ ಹಿಂದಿನ ಆ ಮಾತು ಇವತ್ತು ಲೆಕ್ಕದ ಪುಸ್ತಕಕ್ಕೆ ಬಂದಿದೆ.

'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ 2022ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ 12.7 ಲಕ್ಷ ಜನ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದಿಂದಲೇ ನೇರವಾಗಿ ಸತ್ತಿದ್ದಾರೆ. ಅದರ ಪಾಲೂ ಇರುವ ಸಾವುಗಳನ್ನು ಸೇರಿಸಿದರೆ ಲೆಕ್ಕ 49.5 ಲಕ್ಷ. ಭಾರತದಲ್ಲಿ ನೇರ ಸಾವುಗಳೇ ಸುಮಾರು 3 ಲಕ್ಷ ಎಂಬ ಅಂದಾಜಿದೆ. ತಾಲ್ಲೂಕು ಮಟ್ಟದಲ್ಲಿ ಇದರ ಬಿಸಿ ತಟ್ಟೋದು ಬಾಣಂತಿಯ ಸಿಸೇರಿಯನ್ ಗಾಯಕ್ಕೆ, ನವಜಾತ ಶಿಶುವಿನ ಸೋಂಕಿಗೆ, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ, ವಯಸ್ಸಾದವರ ಮೂತ್ರದ ಸೋಂಕಿಗೆ. ಮಾತ್ರೆಯಲ್ಲಿ ಮುಗೀಬೇಕಾದದ್ದು ಇಂಜೆಕ್ಷನ್‌ಗೆ, ಡ್ರಿಪ್‌ಗೆ, ಅಡ್ಮಿಷನ್‌ಗೆ ಹೋಗುತ್ತೆ. ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಓಡಾಟ, ಜೊತೆಗೆ ಇರೋರ ಕೂಲಿ ನಷ್ಟ ಬೇರೆ.

ಟೈಫಾಯ್ಡ್ ಇದಕ್ಕೆ ಒಳ್ಳೆ ಉದಾಹರಣೆ. ಒಂದು ಕಾಲಕ್ಕೆ ಸಿಪ್ರೋಫ್ಲಾಕ್ಸಾಸಿನ್ ಮಾತ್ರೆ ಟೈಫಾಯ್ಡ್‌ಗೆ ರಾಮಬಾಣ ಆಗಿತ್ತು. ಈಗ ದೇಶದಲ್ಲಿ ಸಿಗೋ ಟೈಫಾಯ್ಡ್ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಅದಕ್ಕೆ ಜಗ್ಗಲ್ಲ ಅಂತ ಐಸಿಎಂಆರ್ ವರದಿಗಳು ವರ್ಷ ವರ್ಷ ಹೇಳ್ತಿವೆ. ಹಳೇ ಚೀಟಿ ತೋರಿಸಿ ಅದೇ ಮಾತ್ರೆ ತಗೊಂಡವರು ಎರಡು ಕಡೆ ಸೋಲ್ತಾರೆ: ಜ್ವರ ಇಳಿಯಲ್ಲ, ದಿನವೂ ಕಳೆದುಹೋಗುತ್ತೆ.

ಮಲೆನಾಡಿನ ಜ್ವರ: 'ಬೇಡ' ಅಂದ್ರೂ ಕಷ್ಟ

ಹಾಗಾದ್ರೆ 'ಆ್ಯಂಟಿಬಯೋಟಿಕ್ ಬೇಡ' ಅಂತ ಊರೂರಿಗೆ ಡಂಗುರ ಹೊಡೆಸಿದ್ರೆ ಸಾಕಾ? ಮಲೆನಾಡಿನಲ್ಲಿ ಅದೂ ಅಪಾಯ.

ಡೆಂಗಿ ವೈರಸ್‌ನಿಂದ ಬರೋದು. ಮಂಗನ ಕಾಯಿಲೆಯೂ ವೈರಸ್‌ನಿಂದಲೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ, 2019ರ ಹೊತ್ತಿಗೆ ಸಾಗರ ತಾಲ್ಲೂಕಿನ ಅರಲಗೋಡು ಸುತ್ತ ಜೀವಗಳನ್ನು ತೆಗೆದ ಅದೇ ಕಾಯಿಲೆ. ಈ ಎರಡಕ್ಕೂ ಆ್ಯಂಟಿಬಯೋಟಿಕ್ ಏನೂ ಮಾಡಲ್ಲ. ಆದರೆ ಇಲಿ ಜ್ವರ ಬ್ಯಾಕ್ಟೀರಿಯಾದಿಂದ ಬರೋದು. ಇಲಿಯ ಮೂತ್ರ ಬೆರೆತ ಗದ್ದೆ ನೀರಿನಲ್ಲಿ ಬರಿಗಾಲಲ್ಲಿ ನಿಂತವರ ಗಾಯ, ಬಿರುಕುಗಳ ಮೂಲಕ ಅದು ಒಳಹೋಗುತ್ತೆ. ಉಣ್ಣೆಯಂಥ ಚಿಗ್ಗರ್ ಹುಳ ಕಚ್ಚಿ ಬರೋ ಸ್ಕ್ರಬ್ ಟೈಫಸ್ ಕೂಡ ಬ್ಯಾಕ್ಟೀರಿಯಾದ್ದೇ. ಇವೆರಡಕ್ಕೂ ಡಾಕ್ಸಿಸೈಕ್ಲಿನ್‌ನಂಥ ಅಗ್ಗದ ಆ್ಯಂಟಿಬಯೋಟಿಕ್ ಬೇಗ ಕೊಟ್ಟರೆ ಜೀವ ಉಳಿಯುತ್ತೆ, ತಡವಾದ್ರೆ ಕಿಡ್ನಿ, ಲಿವರ್, ಶ್ವಾಸಕೋಶಕ್ಕೆ ಪೆಟ್ಟು.

ತೊಂದರೆ ಏನಂದ್ರೆ, ಮೊದಲ ಎರಡು ಮೂರು ದಿನ ಈ ನಾಲ್ಕೂ ಒಂದೇ ಥರ ಕಾಣ್ತವೆ. ಜ್ವರ, ತಲೆನೋವು, ಮೈ ಕೈ ನೋವು. ಮೆಡಿಕಲ್ ಶಾಪ್ ಕೌಂಟರ್‌ನಲ್ಲಿ ನಿಂತು ಇದು ಯಾವುದು ಅಂತ ಯಾರಿಗೂ ಹೇಳೋಕಾಗಲ್ಲ. ರಕ್ತ ಪರೀಕ್ಷೆಯೇ ಆಗಬೇಕು. ಆದ್ದರಿಂದ ಇಲ್ಲಿನ ಆಶಾಗೆ ಕಲಿಸಬೇಕಾದ ಮಾತು 'ಆ್ಯಂಟಿಬಯೋಟಿಕ್ ಕೆಟ್ಟದ್ದು' ಅಂತ ಅಲ್ಲ. 'ಊಹೆ ಮೇಲೆ ಮಾತ್ರೆ ಬೇಡ, ಪಿಎಚ್‌ಸಿಗೆ ಬಂದು ರಕ್ತ ಕೊಡಿ. ಗದ್ದೆ ಕೆಲಸ ಮಾಡಿದ್ದೀರಾ, ಕಾಡಿಗೆ ಹೋಗಿದ್ದೀರಾ ಅನ್ನೋದನ್ನ ಡಾಕ್ಟ್ರಿಗೆ ಹೇಳಿ' ಅನ್ನೋದು. ಎಲ್ಲ ಜಿಲ್ಲೆಗೂ ಒಂದೇ ಪೋಸ್ಟರ್ ಕಳಿಸಿದ್ರೆ ಈ ಮಾತು ಅದರಲ್ಲಿ ಇರಲ್ಲ.

ಆಶಾಗೆ ಅರ್ಧ ಪಾಠ ಆಗಲೇ ಗೊತ್ತು

ಎಎಂಆರ್ ಅಂದ ಕೂಡಲೇ ಹೊಸ ಹೊರೆ, ಹೊಸ ರಿಜಿಸ್ಟರ್ ಅಂತ ಭಯಪಡೋದು ಸಹಜ. ನೋಡಿದ್ರೆ ಇದರ ಅರ್ಧ ಪಾಠ ಆಶಾ ಕಾರ್ಯಕರ್ತೆಯರಿಗೆ ಆಗಲೇ ಗೊತ್ತು, ಬೇರೆ ಹೆಸರಿನಲ್ಲಿ.

ಮಗುವಿಗೆ ಕೆಮ್ಮು ಬಂದ್ರೆ ಆಶಾ ಒಂದು ನಿಮಿಷ ಉಸಿರು ಎಣಿಸ್ತಾರೆ. ಎರಡು ತಿಂಗಳೊಳಗಿನ ಮಗುವಿಗೆ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷಕ್ಕೆ 40. ಇಷ್ಟು ಅಥವಾ ಇದಕ್ಕಿಂತ ಜಾಸ್ತಿ ಇದ್ರೆ ನ್ಯುಮೋನಿಯಾ ಇರಬಹುದು, ತಕ್ಷಣ ಆಸ್ಪತ್ರೆಗೆ. 2019ರ ನವೆಂಬರ್‌ನಲ್ಲಿ ಶುರುವಾದ 'ಸಾನ್ಸ್' ಅಭಿಯಾನದಲ್ಲಿ ಇಂಥ ಮಗುವಿಗೆ ಆಸ್ಪತ್ರೆಗೆ ಕಳಿಸೋ ಮುಂಚೆ ಅಮಾಕ್ಸಿಸಿಲಿನ್‌ನ ಮೊದಲ ಡೋಸ್ ಕೊಡಲು ಆಶಾಗೆ ಅವಕಾಶವಿದೆ. ಉಸಿರು ಮಾಮೂಲಿ ಇದ್ದು, ಬೇರೆ ಅಪಾಯದ ಲಕ್ಷಣ ಇಲ್ಲ ಅಂದ್ರೆ ಅದು ಬರೀ ನೆಗಡಿ-ಕೆಮ್ಮು, ಆ್ಯಂಟಿಬಯೋಟಿಕ್ ಬೇಡ. ಯಾವ ಮಗುವಿಗೆ ಬೇಕು, ಯಾವ ಮಗುವಿಗೆ ಬೇಡ ಅಂತ ಬೇರ್ಪಡಿಸೋ ಇದಕ್ಕಿಂತ ಸರಳ ಉಪಾಯ ಇಲ್ಲ.

ಮಗುವಿಗೆ ಭೇದಿ ಆದ್ರೆ ಒಆರ್‌ಎಸ್ ಮತ್ತು 14 ದಿನ ಝಿಂಕ್. ಹೆಚ್ಚಿನ ಭೇದಿ ಇಷ್ಟರಲ್ಲೇ ವಾಸಿಯಾಗುತ್ತೆ, ಮಲದಲ್ಲಿ ರಕ್ತ ಕಂಡ್ರೆ ಮಾತ್ರ ಲೆಕ್ಕ ಬೇರೆ, ಡಾಕ್ಟ್ರಿಗೆ ತೋರಿಸಲೇಬೇಕು. ಕ್ಷಯರೋಗಿ ಎರಡು ತಿಂಗಳಿಗೆ ಹುಷಾರಾದೆ ಅಂತ ಮಾತ್ರೆ ಬಿಡದ ಹಾಗೆ ಆರು ತಿಂಗಳು ಬೆನ್ನು ಹತ್ತೋದೂ ಇದೇ ಕೆಲಸ. ಬಿಟ್ಟರೆ ರಿಫಾಂಪಿಸಿನ್, ಐಸೊನಿಯಾಜಿಡ್‌ಗೆ ಬಗ್ಗದ ಟಿಬಿ ಹುಟ್ಟುತ್ತೆ, ಮನೆಯವರಿಗೂ ಹರಡುತ್ತೆ. ದಡಾರ, ನ್ಯುಮೋಕಾಕಲ್, ರೋಟಾವೈರಸ್ ಲಸಿಕೆ ಹಾಕಿಸೋದು, ಬಾಣಂತಿ ಮನೆಗೆ ಹೋದಾಗ ಕೈ ತೊಳೆಯೋಕೆ ಹೇಳೋದು, ಇವೆಲ್ಲ ಸೋಂಕನ್ನೇ ತಪ್ಪಿಸೋದ್ರಿಂದ ಆ್ಯಂಟಿಬಯೋಟಿಕ್ ಬೇಕಾಗೋದೇ ಕಮ್ಮಿ ಆಗುತ್ತೆ.

ತರಬೇತಿಯ ಕೆಲಸ ಈ ಬಿಡಿ ಬಿಡಿ ಪಾಠಗಳಿಗೆ ಒಂದು ದಾರ ಪೋಣಿಸೋದು. 'ನೀವು ಎಣಿಸೋ ಉಸಿರು, ನೀವು ಕೊಡೋ ಒಆರ್‌ಎಸ್ ಊರಿನ ಔಷಧಿ ಹಾಳಾಗದಂತೆ ಕಾಯ್ತಿದೆ' ಅಂತ ಗೊತ್ತಾದ್ರೆ ಅದನ್ನೇ ಅವರು ಮನೆಯವರಿಗೂ ಹೇಳ್ತಾರೆ. ಇಂಗ್ಲಿಷ್ ಸ್ಲೈಡ್ ಹಾಕಿ ಬ್ಯಾಕ್ಟೀರಿಯಾ ಹೆಸರು ಬಾಯಿಪಾಠ ಮಾಡಿಸಿದ್ರೆ ತರಬೇತಿ ಆಯ್ತು ಅನ್ನೋ ದಾಖಲೆ ಉಳಿಯುತ್ತೆ, ಅಷ್ಟೇ.

ಮನೆ ಬಾಗಿಲಿನ ಪ್ರಶ್ನೆಗೆ ಉತ್ತರ ಬೇಕು

ಮನೆಯವರು ಆಶಾಗೆ ಕೇಳೋ ಪ್ರಶ್ನೆಗಳು ಕೆಲವೇ. 'ಅಕ್ಕಾ, ಹುಷಾರಾಯ್ತು, ಮಾತ್ರೆ ನಿಲ್ಲಿಸ್ಲಾ?' 'ಹೋದ್ಸಲದ್ದು ನಾಲ್ಕು ಉಳಿದಿದೆ, ಅದನ್ನೇ ಮಗಳಿಗೆ ಕೊಡ್ಲಾ?' 'ಇಂಜೆಕ್ಷನ್ ಹಾಕಿದ್ರೆ ಬೇಗ ವಾಸಿ ಆಗುತ್ತಲ್ವಾ?' 'ಡಾಕ್ಟ್ರು ಬರೀ ಪ್ಯಾರಾಸಿಟಮಾಲ್ ಕೊಟ್ಟು ಕಳಿಸಿದ್ರು, ಸರಿಯಾಗಿ ನೋಡ್ಲೇ ಇಲ್ಲ ಅಲ್ವಾ?'

ಈ ಒಂದೊಂದಕ್ಕೂ ಚಿಕ್ಕ, ಖಚಿತ ಉತ್ತರ ಇರಬೇಕು. ಡಾಕ್ಟ್ರು ಎಷ್ಟು ದಿನ ಹೇಳಿದ್ದಾರೋ ಅಷ್ಟು ದಿನ, ಒಂದು ದಿನ ಕಮ್ಮಿಯೂ ಇಲ್ಲ, ಜಾಸ್ತಿಯೂ ಇಲ್ಲ. ಉಳಿದ ಮಾತ್ರೆ ಬೇರೆಯವರಿಗೆ ಕೊಡಬೇಡಿ, ಕಾಯಿಲೆ ಬೇರೆ, ತೂಕ ಬೇರೆ. ಇಂಜೆಕ್ಷನ್‌ನಿಂದ ವೈರಸ್ ಸಾಯಲ್ಲ. ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಕಷ್ಟದ್ದು. ಆ್ಯಂಟಿಬಯೋಟಿಕ್ ಬರೆಯದ ವೈದ್ಯರನ್ನು 'ಏನೂ ಕೊಡ್ಲಿಲ್ಲ' ಅಂತ ಬೈಯೋ ಊರಿನಲ್ಲಿ ಬೇಡದಿದ್ರೂ ಬರೆಯೋ ವೈದ್ಯರೇ ಹೆಚ್ಚಾಗ್ತಾರೆ. 'ಬರೆಯದೇ ಇದ್ದದ್ದು ಸರಿಯಾದ ಚಿಕಿತ್ಸೆ. ಮೂರು ದಿನದಲ್ಲಿ ಇಳಿಯದಿದ್ರೆ, ಉಸಿರಾಟ ಕಷ್ಟ ಆದ್ರೆ, ಮೂತ್ರ ಕಮ್ಮಿ ಆದ್ರೆ ತಕ್ಷಣ ಬನ್ನಿ' ಅಂತ ಸಿಸ್ಟರ್ ಹೇಳಿದ್ರೆ ಮನೆಯವರಿಗೂ ಧೈರ್ಯ, ವೈದ್ಯರಿಗೂ ಬಲ.

ಕೌಂಟರ್ ಈಚೆ, ಕೌಂಟರ್ ಆಚೆ

ಆಶಾ ಬೆಳಗ್ಗೆ ಹೇಳಿದ್ದನ್ನ ಮೆಡಿಕಲ್ ಶಾಪ್ ಸಂಜೆ ಅಳಿಸಿಹಾಕಿದ್ರೆ ಪ್ರಯೋಜನ ಇಲ್ಲ. ಕಾನೂನು ಸ್ಪಷ್ಟವಾಗಿಯೇ ಇದೆ. ಅಮಾಕ್ಸಿಸಿಲಿನ್, ಅಜಿಥ್ರೋಮೈಸಿನ್, ಸಿಪ್ರೋಫ್ಲಾಕ್ಸಾಸಿನ್ 'ಶೆಡ್ಯೂಲ್ ಎಚ್' ಔಷಧಿಗಳು, ಚೀಟಿ ಇಲ್ಲದೆ ಮಾರುವಂತಿಲ್ಲ. ಸೆಫಿಕ್ಸಿಮ್, ಲೆವೊಫ್ಲಾಕ್ಸಾಸಿನ್‌ನಂಥವು 2014ರ ಮಾರ್ಚ್ 1ರಿಂದ ಜಾರಿಗೆ ಬಂದ 'ಶೆಡ್ಯೂಲ್ ಎಚ್‌1' ಪಟ್ಟಿಯಲ್ಲಿವೆ. ಇವಕ್ಕೆ ಪ್ರತ್ಯೇಕ ರಿಜಿಸ್ಟರ್ ಇಟ್ಟು ವೈದ್ಯರ ಹೆಸರು, ರೋಗಿಯ ಹೆಸರು, ಔಷಧಿ, ಪ್ರಮಾಣ ಬರೆದು ಮೂರು ವರ್ಷ ಕಾಯ್ದಿಡಬೇಕು. ಆ್ಯಂಟಿಬಯೋಟಿಕ್ ಸ್ಟ್ರಿಪ್ ಮೇಲಿನ ಕೆಂಪು ಗೆರೆಯ ಅರ್ಥವೂ ಅದೇ: ವೈದ್ಯರ ಚೀಟಿ ಇಲ್ಲದೆ ಬೇಡ. ಹಳ್ಳಿಯ ಕಿರಾಣಿ ಅಂಗಡಿಯಲ್ಲಂತೂ ಆ್ಯಂಟಿಬಯೋಟಿಕ್ ಇಡೋ ಹಾಗೇ ಇಲ್ಲ.

ಅಂಗಡಿಯವರ ಕಷ್ಟವೂ ನಿಜವೇ. 'ನಾನು ಕೊಡಲ್ಲ ಅಂದ್ರೆ ಪಕ್ಕದವನು ಕೊಡ್ತಾನೆ, ಗಿರಾಕಿ ಹೋಗ್ತಾನೆ' ಅನ್ನೋ ಲೆಕ್ಕ ವ್ಯಾಪಾರಿಗೆ ಅರ್ಥವಾಗೋ ಲೆಕ್ಕ. ಒಬ್ಬನೇ ನಿಯಮ ಪಾಲಿಸಿದ್ರೆ ನಷ್ಟ ಅವನಿಗೆ. ಪೇಟೆಯ ಎಲ್ಲ ಅಂಗಡಿಯೂ ಒಂದೇ ದಿನದಿಂದ ಒಂದೇ ಬೋರ್ಡ್ ಹಾಕಿದ್ರೆ ಯಾರಿಗೂ ನಷ್ಟ ಇಲ್ಲ.

ಪಕ್ಕದ ಕೇರಳ ಈ ದಾರಿಯಲ್ಲಿ ಮುಂದಿದೆ. 2018ರಲ್ಲಿ ದೇಶದಲ್ಲೇ ಮೊದಲ ರಾಜ್ಯ ಕ್ರಿಯಾ ಯೋಜನೆ ಮಾಡಿದ್ದು ಆ ರಾಜ್ಯ. 2024ರ ಆರಂಭದಲ್ಲಿ 'ಆಪರೇಷನ್ ಅಮೃತ್' ಹೆಸರಿನಲ್ಲಿ ಚೀಟಿ ಇಲ್ಲದೆ ಮಾರೋ ಅಂಗಡಿಗಳ ತಪಾಸಣೆ ನಡೀತು. ಆ್ಯಂಟಿಬಯೋಟಿಕ್ ಗುರುತಿಸೋಕೆ ನೀಲಿ ಕವರ್ ಬಂತು, ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಲ್ಲೂ 'ಆ್ಯಂಟಿಬಯೋಟಿಕ್ ಸ್ಮಾರ್ಟ್' ಆಸ್ಪತ್ರೆಗಳಾದವು. ಆ್ಯಂಟಿಬಯೋಟಿಕ್ ಮಾರಾಟ ಶೇ 20ರಿಂದ 30ರಷ್ಟು ಇಳಿದಿದೆ ಅಂತ ಅಲ್ಲಿನ ಸರ್ಕಾರ ಹೇಳಿಕೊಂಡಿದೆ. ಗಮನಿಸಬೇಕಾದದ್ದು, ಅಲ್ಲಿ ಅಂಗಡಿ ತಪಾಸಣೆ ಮತ್ತು ಜನರಿಗೆ ತಿಳಿಹೇಳೋ ಕೆಲಸ ಎರಡೂ ಜೊತೆಗೇ ನಡೆದವು. ಬರೀ ದಂಡ ಹಾಕಿದ್ರೆ ಮಾರಾಟ ಕೌಂಟರ್ ಕೆಳಗಿನಿಂದ ನಡೆಯುತ್ತೆ, ಬರೀ ಭಾಷಣ ಮಾಡಿದ್ರೆ ಕೌಂಟರ್ ಮೇಲಿಂದಲೇ ನಡೆಯುತ್ತೆ.

ಕೊಟ್ಟಿಗೆಯ ಲೆಕ್ಕ ಬಿಟ್ಟುಹೋಗಬಾರದು

ಆ್ಯಂಟಿಬಯೋಟಿಕ್ ಬಳಕೆ ಮನುಷ್ಯರಲ್ಲಿ ಮಾತ್ರ ಅಲ್ಲ. ಹಸುವಿಗೆ ಕೆಚ್ಚಲು ಬಾವು ಬಂದಾಗಲೂ ಇವೇ ಔಷಧಿಗಳು ಬೇಕಾಗ್ತವೆ. ಚಿಕಿತ್ಸೆ ಕೊಟ್ಟ ಮೇಲೆ ಲೇಬಲ್‌ನಲ್ಲಿ ಹೇಳಿದಷ್ಟು ದಿನ ಆ ಹಾಲನ್ನು ಡೇರಿಗೆ ಹಾಕಬಾರದು. ಅವಧಿ ನಿಗದಿಯಾಗಿಲ್ಲದ ಔಷಧಿಗೆ ಹಾಲಿನ ಮಟ್ಟಿಗೆ ಕನಿಷ್ಠ 7 ದಿನ ಅನ್ನೋದು ನಿಯಮ. ಕೋಳಿ ಮತ್ತಿತರ ಸಾಕುಪ್ರಾಣಿಗಳಿಗೆ ಕೊಲಿಸ್ಟಿನ್ ಬಳಸೋದನ್ನ ಕೇಂದ್ರ ಸರ್ಕಾರ 2019ರಲ್ಲೇ ನಿಷೇಧಿಸಿದೆ, ಯಾಕಂದ್ರೆ ಮನುಷ್ಯರಿಗೆ ಬೇರೆ ಏನೂ ಕೆಲಸ ಮಾಡದಿದ್ದಾಗ ಕೊನೆಗೆ ಉಳಿಯೋ ಔಷಧಿಗಳಲ್ಲಿ ಅದೂ ಒಂದು. ಹಳ್ಳಿಯಲ್ಲಿ ಆಶಾ ಹೋಗೋ ಮನೆಯಲ್ಲೇ ಕೊಟ್ಟಿಗೆಯೂ ಇರುತ್ತೆ. ಪಶು ಇಲಾಖೆಯವರು, ಪಶುಸಖಿಯರು ಅದೇ ತರಬೇತಿಯಲ್ಲಿ ಕೂತರೆ ಒಂದೇ ಮನೆಗೆ ಎರಡು ಬೇರೆ ಬೇರೆ ಮಾತು ಹೋಗಲ್ಲ.

ಹೊರೆ ಯಾರ ತಲೆ ಮೇಲೆ?

ಒಂದು ಸಾವಿರ ಜನಸಂಖ್ಯೆಗೆ ಒಬ್ಬ ಆಶಾ ಅನ್ನೋದು ಗ್ರಾಮೀಣ ಲೆಕ್ಕ. ಮಲೆನಾಡಿನಲ್ಲಿ ಆ ಸಾವಿರ ಜನ ಹತ್ತಾರು ಒಂಟಿ ಮನೆ, ಕೇರಿಗಳಲ್ಲಿ ಹಂಚಿಹೋಗಿರ್ತಾರೆ. ಹೆರಿಗೆ, ಲಸಿಕೆ, ಸರ್ವೆ, ಆ್ಯಪ್ ಎಂಟ್ರಿ, ಆಸ್ಪತ್ರೆಯಲ್ಲಿ ಹೆರಿಗೆಯಾದ ಪ್ರತಿ ಮಗುವಿಗೂ ಆರು ಮನೆ ಭೇಟಿ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಇವರು ಅಹೋರಾತ್ರಿ ಧರಣಿ ಕೂತು ತಿಂಗಳಿಗೆ 15,000 ರೂ. ನಿಗದಿತ ಗೌರವಧನ ಕೇಳಿದ್ರು. ಕನಿಷ್ಠ 10,000 ರೂ. ಸಿಗೋ ಹಾಗೆ ಮಾಡ್ತೀವಿ ಅನ್ನೋ ಭರವಸೆ ಸರ್ಕಾರದಿಂದ ಬಂತು. ಟಿಬಿ ರೋಗಿಯ ಚಿಕಿತ್ಸೆ ಮುಗಿಸಿದ್ರೆ ಪ್ರೋತ್ಸಾಹಧನ ಇದೆ. 'ಈ ಮಾತ್ರೆ ಬೇಡ' ಅಂತ ಅರ್ಧ ಗಂಟೆ ಕೂತು ತಿಳಿಹೇಳಿದ್ದಕ್ಕೆ ಯಾವ ಕಾಲಂನಲ್ಲೂ ಜಾಗ ಇಲ್ಲ. ಹಣ, ಸಮಯ ಎರಡೂ ಕೊಡದೆ ಜವಾಬ್ದಾರಿ ಮಾತ್ರ ಕೊಟ್ಟರೆ ಅದು ಕಾಗದದಲ್ಲೇ ಉಳಿಯುತ್ತೆ.

ತಾಲ್ಲೂಕಿನಲ್ಲೇ ಆಗೋ ಕೆಲಸ

ಎಲ್ಲದಕ್ಕೂ ಬೆಂಗಳೂರಿನ ಆದೇಶ ಕಾಯಬೇಕಾಗಿಲ್ಲ. ಪಿಎಚ್‌ಸಿಯಲ್ಲಿ ಆಶಾಗಳ ಮಾಸಿಕ ಸಭೆ ಹೇಗೂ ನಡೆಯುತ್ತೆ. ಪ್ರತಿ ಸಲ ಅರ್ಧ ಗಂಟೆ, ಒಂದೇ ವಿಷಯ: ಒಂದು ತಿಂಗಳು ಮಗುವಿನ ಕೆಮ್ಮು, ಇನ್ನೊಂದು ತಿಂಗಳು ಮಳೆಗಾಲದ ಜ್ವರ, ಮತ್ತೊಂದು ತಿಂಗಳು ಮೂತ್ರದ ಸೋಂಕು. ಮನೆಯವರ ಪ್ರಶ್ನೆ ಒಬ್ಬರು ಕೇಳೋದು, ಆಶಾ ಉತ್ತರ ಹೇಳೋದು, ವೈದ್ಯಾಧಿಕಾರಿ ತಿದ್ದೋದು. ಆ ಸಭೆಗೆ ಪೇಟೆಯ ಫಾರ್ಮಸಿಸ್ಟ್‌ಗಳನ್ನೂ ಕರೀಬಹುದು. ಔಷಧಿ ವ್ಯಾಪಾರಿಗಳ ಸಂಘ ಮನಸ್ಸು ಮಾಡಿದ್ರೆ ಒಂದೇ ಥರದ ಕನ್ನಡ ಬೋರ್ಡ್ ಎಲ್ಲ ಅಂಗಡಿಯಲ್ಲೂ ಬರೋಕೆ ಒಂದು ವಾರ ಸಾಕು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಗಳ ಸಭೆಯಲ್ಲಿ ಕುಡಿಯೋ ನೀರು, ಚರಂಡಿ ಜೊತೆ ಇದೂ ಒಂದು ವಿಷಯ ಆಗಬಹುದು.

ಫಲ ಕಾಣ್ತಿದೆಯಾ ಅಂತ ನೋಡೋಕೆ ಎಷ್ಟು ಜನರಿಗೆ ತರಬೇತಿ ಆಯ್ತು ಅನ್ನೋ ಲೆಕ್ಕ ಸಾಲದು. ಜ್ವರ ಬಂದ ಮೂರು ದಿನದೊಳಗೆ ರಕ್ತ ಪರೀಕ್ಷೆಗೆ ಬಂದವರು ಹೆಚ್ಚಾದ್ರಾ, ಪಿಎಚ್‌ಸಿಯಲ್ಲಿ ನೆಗಡಿ-ಭೇದಿಗೆ ಆ್ಯಂಟಿಬಯೋಟಿಕ್ ಬರೆದ ಚೀಟಿ ಕಮ್ಮಿ ಆಯ್ತಾ, ಮೆಡಿಕಲ್ ಶಾಪ್‌ನ ಎಚ್‌1 ರಿಜಿಸ್ಟರ್ ತುಂಬ್ತಿದೆಯಾ. ಈ ಮೂರು ಲೆಕ್ಕವೂ ತಾಲ್ಲೂಕಿನಲ್ಲೇ ಸಿಗ್ತವೆ, ಹೊಸ ಆ್ಯಪ್ ಬೇಕಿಲ್ಲ.

ಪ್ರತಿ ವರ್ಷ ನವೆಂಬರ್ 18ರಿಂದ 24ರವರೆಗೆ ವಿಶ್ವ ಎಎಂಆರ್ ಜಾಗೃತಿ ಸಪ್ತಾಹ. ಬ್ಯಾನರ್ ಹಿಡಿದು ಫೋಟೊ ತೆಗೆಸಿಕೊಳ್ಳೋಕೆ ಆ ವಾರ ಸಾಕು. ಮಲೆನಾಡಿನ ಜ್ವರ ಮಾತ್ರ ನವೆಂಬರ್ ಕಾಯಲ್ಲ, ಜೂನ್‌ನಲ್ಲೇ ಶುರುವಾಗುತ್ತೆ. ಅಷ್ಟರೊಳಗೆ ಪಿಎಚ್‌ಸಿಯ ಮಾಸಿಕ ಸಭೆಯಲ್ಲಿ ಈ ಅರ್ಧ ಗಂಟೆಗೆ ಜಾಗ ಸಿಗುತ್ತಾ ಅಂತ ಆಯಾ ವೈದ್ಯಾಧಿಕಾರಿಯನ್ನು ಗ್ರಾಮ ಪಂಚಾಯಿತಿ ಸದಸ್ಯರು ಕೇಳಬಹುದು, ಮೆಡಿಕಲ್ ಶಾಪ್ ಮಾಲೀಕರೂ ಕೇಳಬಹುದು, ಆಶಾ ಮನೆಗೆ ಬಂದಾಗ ಯಾರು ಬೇಕಾದ್ರೂ ಕೇಳಬಹುದು.